ಮೂಗುತಿ ಬಿಚ್ಚಿಟ್ಟ ಬೆಳಗ್ಗೆ

ಮೂಗುತಿಯ ತಿರುಪು ಜಪ್ಪಯ್ಯ ಅಂದರೂ ಸಡಿಲವಾಗಲಿಲ್ಲ. ಮದುವೆಗೆ ಮುಂಚೆ ಅಜ್ಜಿ ಹಾಕಿಸಿದ್ದು. ನ್ಯೂಜೆರ್ಸಿಯ ಸ್ಕ್ಯಾನಿಂಗ್ ಕೇಂದ್ರದ ಸಿಂಕ್ ಎದುರು ನಿಂತು, ಬೆರಳಿಗೆ ಸೋಪು ಹಚ್ಚಿಕೊಂಡು ತಿರುಗಿಸಿದೆ. ಕೊನೆಗೆ ಕೈಗೆ ಬಂತು. ತಾಳಿ, ಬಳೆ, ಓಲೆಗಳ ಜೊತೆ ಕಾಗದದ ಲೋಟದಲ್ಲಿ ಹಾಕಿಟ್ಟೆ.

ಆರು ವರ್ಷದ ಹಿಂದೆ ಹೀಗೇ ಬಿಚ್ಚಿಟ್ಟು ಸ್ತನದ ಪೂರ್ತಿ ಎಂಆರ್‌ಐ ಮಾಡಿಸಿದ್ದೆ. ನಲವತ್ತು ನಿಮಿಷ ಬೋರಲು ಮಲಗಿ, ಕೈ ತಲೆಯ ಮುಂದೆ ಚಾಚಿ, ಅಲುಗಾಡದೆ. ಭುಜ ಜೋಮು ಹಿಡಿದು ಅತ್ತುಬಿಟ್ಟಿದ್ದೆ. ಇನ್ನೊಮ್ಮೆ ಬೇಡವೇ ಬೇಡ ಅಂದುಕೊಂಡಿದ್ದೆ.

ಆಮೇಲೆ ಶಿವಮೊಗ್ಗದ ಚಿಕ್ಕಮ್ಮನಿಗೆ ಮ್ಯಾಮೊಗ್ರಾಮ್‌ನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಏನೂ ಇಲ್ಲ ಅಂದ ಎಂಟೇ ತಿಂಗಳಿಗೆ ಗಂಟು ಕೈಗೆ ಸಿಕ್ಕಿತು. ನನಗೂ ಒಂದು ಪತ್ರ ಬಂತು: ನಿಮ್ಮ ಸ್ತನದ ಅಂಗಾಂಶ ಸಾಂದ್ರವಾಗಿದೆ ಎಂದು. ಅಂದರೆ ಕೊಬ್ಬು ಕಡಿಮೆ, ಗ್ರಂಥಿ ಮತ್ತು ನಾರು ಹೆಚ್ಚು. 2024ರ ಸೆಪ್ಟೆಂಬರಿನಿಂದ ಅಮೆರಿಕದಲ್ಲಿ ಸಾಂದ್ರತೆಯ ವಿಷಯವನ್ನು ಮ್ಯಾಮೊಗ್ರಾಮ್ ಮಾಡಿಸಿದ ಪ್ರತಿ ಹೆಂಗಸಿಗೂ ತಿಳಿಸಲೇಬೇಕು. ಮ್ಯಾಮೊಗ್ರಾಮ್‌ನಲ್ಲಿ ಸಾಂದ್ರ ಅಂಗಾಂಶವೂ ಬಿಳಿ, ಗಡ್ಡೆಯೂ ಬಿಳಿ. ಹಾಲಿನಲ್ಲಿ ಅಕ್ಕಿಕಾಳು ಹುಡುಕಿದ ಹಾಗೆ.

ಡಾಕ್ಟರು ಚುಟುಕು ಎಂಆರ್‌ಐ, ಅಂದರೆ ಕೆಲವೇ ಚಿತ್ರ ತೆಗೆದು ಬೇಗ ಮುಗಿಸುವಂಥದ್ದು, ಮಾಡಿಸಿ ಅಂದರು. ವಿಮೆಯವರು ಕೊಡಲಿಲ್ಲ, ಕೈಯಿಂದಲೇ ಕಟ್ಟಿದೆ.

ಮೇಜಿನ ಮೇಲೆ ಸ್ತನಗಳಿಗೆಂದು ಅದೇ ಎರಡು ಕುಳಿ, ಅದೇ ದಡದಡ ಸದ್ದು. ತೋಳಿಗೆ ಕಾಂಟ್ರಾಸ್ಟ್ ಔಷಧ ಇಳಿದಾಗ ಮೊಣಕೈ ತನಕ ತಣ್ಣಗಾಯಿತು. ಉಸಿರು ಎಣಿಸುತ್ತಿದ್ದೆ. ಭುಜ ನೋಯುವ ಮೊದಲೇ "ಆಯಿತು" ಎಂಬ ದನಿ ಕೇಳಿತು. ಹತ್ತು ನಿಮಿಷವೂ ಆಗಿರಲಿಲ್ಲ.

ಗಡ್ಡೆಯ ರಕ್ತನಾಳಗಳು ಸೋರುವಂಥವು. ಔಷಧ ಸೇರಿದ ಒಂದೆರಡು ನಿಮಿಷದಲ್ಲೇ ಗಡ್ಡೆ ಬೆಳಗುತ್ತದೆ, ಸುತ್ತಲಿನದು ಇನ್ನೂ ಮಂಕಾಗಿರುತ್ತದೆ. ಔಷಧಕ್ಕೆ ಮುಂಚಿನ ಚಿತ್ರವನ್ನು ನಂತರದ ಚಿತ್ರದಿಂದ ಕಳೆದರೆ ಬೆಳಗಿದ್ದಷ್ಟೇ ಉಳಿಯುತ್ತದೆ. ಹುಡುಕುವುದಕ್ಕೆ ಅಷ್ಟು ಸಾಕೆಂದು 2014ರಲ್ಲಿ ಜರ್ಮನಿಯ ಆಕೆನ್‌ನ ವೈದ್ಯೆ ಕ್ರಿಸ್ಟಿಯಾನೆ ಕೂಲ್ ತೋರಿಸಿದರು. 443 ಹೆಂಗಸರಲ್ಲಿದ್ದ 11 ಕ್ಯಾನ್ಸರುಗಳೂ ಅವರ ಮೂರು ನಿಮಿಷದ ಸ್ಕ್ಯಾನಿನಲ್ಲಿ ಸಿಕ್ಕವು. 2020ರಲ್ಲಿ ಸಾಂದ್ರ ಸ್ತನದ 1,444 ಮಂದಿಯ ಅಧ್ಯಯನ ಬಂತು. ಅವರಲ್ಲಿ 17 ಜನರಿಗೆ ಹರಡಬಲ್ಲ ಕ್ಯಾನ್ಸರ್ ಇತ್ತು. ಚುಟುಕು ಎಂಆರ್‌ಐ ಅಷ್ಟನ್ನೂ ಹಿಡಿಯಿತು, 3ಡಿ ಮ್ಯಾಮೊಗ್ರಾಮ್ ಹಿಡಿದದ್ದು 7. ಸುಮ್ಮನೆ ಗುಮಾನಿ ಹುಟ್ಟಿಸುವುದೂ ಎಂಆರ್‌ಐಯೇ ಹೆಚ್ಚು, ನಿಜ. ಆದರೂ ನಲವತ್ತು ನಿಮಿಷಕ್ಕೆ ಹೆದರಿ ಆರು ವರ್ಷ ಹೋಗದೆ ಉಳಿದವಳು ನಾನು. ಹತ್ತು ನಿಮಿಷವಾದರೆ ಮುಂದಿನ ಸಲವೂ ಹೋಗುತ್ತೇನೆ.

ಮೂರನೇ ದಿನ ವರದಿ ಬಂತು, ಏನೂ ಇಲ್ಲ. ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿದೆ. "ನಿನ್ನ ಹಳೇ ಮ್ಯಾಮೊಗ್ರಾಮ್ ಕಾಗದ ಇದೆಯಾ?" ಬೀರುವಿನಿಂದ ಹುಡುಕಿ ತೆಗೆದು ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದಳು. ಎರಡನೇ ಸಾಲಿನಲ್ಲೇ ಇತ್ತು, ಸಾಂದ್ರತೆ 'ಸಿ'. ಎ ಇಂದ ಡಿ ತನಕದ ನಾಲ್ಕು ದರ್ಜೆಯಲ್ಲಿ ಮೂರನೆಯದು, ಸಾಂದ್ರವೇ. ನನ್ನದೂ ಅದೇ.

"ಹಾಗಂದ್ರೇನು ಅಂತ ಯಾರೂ ಹೇಳಲೇ ಇಲ್ಲ ಕಣೆ" ಅಂದಳು.