ರಿಮೋಟ್ ದೀಪ ಹತ್ತಿತ್ತು, ನಾನು ನೋಡಿರಲಿಲ್ಲ

ನಮ್ಮ ಲ್ಯಾಬಿನ ಹಳೇ ಮಲ್ಟಿಮೀಟರ್‌ಗೆ (ವೋಲ್ಟೇಜ್, ಕರೆಂಟ್ ಅಳೆಯೋ ಉಪಕರಣ) ಜೋಡಿಸಿದ್ದ ಕಂಪ್ಯೂಟರ್ ಒಂದು ಬೆಳಿಗ್ಗೆ ಆನ್ ಆಗಲೇ ಇಲ್ಲ. ಮೀಟರ್ ಮಾತ್ರ ಗಟ್ಟಿಮುಟ್ಟಾಗಿತ್ತು. ಕೆಟ್ಟ ಕಂಪ್ಯೂಟರಿನ ಒಳಗಿದ್ದ, ಮೀಟರ್ ಜೊತೆ ಮಾತಾಡೋ ಕಾರ್ಡ್ ಬಿಚ್ಚಿ ಹೊಸ ಕಂಪ್ಯೂಟರಿಗೆ ಹಾಕಿದರೆ ಆಯ್ತು ಅಂದುಕೊಂಡೆ. ಬಿಚ್ಚಿ ನೋಡಿದರೆ ಐಎಸ್‌ಎ ಅನ್ನೋ ತುಂಬ ಹಳೇ ಬಗೆಯ ಸ್ಲಾಟಿನ ಕಾರ್ಡ್! ಹೊಸ ಬೋರ್ಡಿನಲ್ಲಿ ಆ ಸ್ಲಾಟೇ ಇಲ್ಲ.

ಅವಸರದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪಿಸಿಐ ಕಾರ್ಡ್ ತರಿಸಿದೆ. ಅದೂ ಕೂರಲಿಲ್ಲ, ಹೊಸ ಬೋರ್ಡಿನಲ್ಲಿ ಇದ್ದದ್ದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್. ಪಿಸಿಐ, ಪಿಸಿಐ ಎಕ್ಸ್‌ಪ್ರೆಸ್ ಅಂದರೆ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ, ಸ್ಲಾಟ್ ಮಾತ್ರ ಬೇರೆ ಬೇರೆ. ದುಡ್ಡು ದಂಡ.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ, ಮೀಟರಿನ ಹಿಂಬದಿ ನೋಡಿದೆ. 24 ಪಿನ್ನಿನ ಅಗಲವಾದ ಕನೆಕ್ಟರ್. ಅಂದರೆ ಜಿಪಿಐಬಿ, ಅಳತೆ ಉಪಕರಣಗಳನ್ನೂ ಕಂಪ್ಯೂಟರನ್ನೂ ಸೇರಿಸೋ ಬಸ್, ಅಂದರೆ ಎಲ್ಲರೂ ಹಂಚಿಕೊಳ್ಳೋ ತಂತಿಗಳ ಗುಂಪು. ಹ್ಯೂಲೆಟ್ ಪ್ಯಾಕರ್ಡ್ ತನ್ನ ಉಪಕರಣಗಳಿಗೆ ಅಂತ ಮಾಡಿಕೊಂಡಿದ್ದ ಈ ಬಸ್ 1975ರಲ್ಲಿ ಐಇಇಇ 488 ಅನ್ನೋ ಸ್ಟ್ಯಾಂಡರ್ಡ್ ಆಯಿತು. ಇದರಲ್ಲಿ 8 ತಂತಿ ಡೇಟಾಗೆ, 5 ಬಸ್ ನಿಭಾಯಿಸೋಕೆ, 3 ಹ್ಯಾಂಡ್‌ಶೇಕ್‌ಗೆ. ನನಗೆ ಇಷ್ಟವಾಗೋದು ಈ ಮೂರೇ. ಕೇಳುವವನು ‘ತಗೊಂಡೆ’ ಅನ್ನೋವರೆಗೂ ಹೇಳುವವನು ಮುಂದಿನ ಬೈಟ್ ಕಳಿಸೋದಿಲ್ಲ. ಹಾಗಾಗಿ ನಿಧಾನದ ಹಳೇ ಮೀಟರ್ ಮತ್ತು ಇವತ್ತಿನ ಕಂಪ್ಯೂಟರ್ ವೇಗದ ವಿಷಯಕ್ಕೆ ಜಗಳ ಆಡಲ್ಲ. ಮೀಟರಿನ ಹಿಂಬದಿ ಇದರ ಬದಲು ಆರ್‌ಎಸ್ 232 (ಹಳೇ ಸೀರಿಯಲ್ ಪೋರ್ಟ್) ಇದ್ದಿದ್ದರೆ ಬಾಡ್ ರೇಟ್ (ಕಳಿಸೋ ವೇಗ), ಪ್ಯಾರಿಟಿ (ತಪ್ಪು ಹಿಡಿಯೋ ಬಿಟ್) ಎರಡೂ ಕಡೆ ಹೊಂದಿಸಬೇಕಿತ್ತು.

ಈ ಸಲ ಜಿಪಿಐಬಿಯನ್ನು ಯುಎಸ್‌ಬಿಗೆ ಸೇರಿಸೋ ಅಡಾಪ್ಟರ್ ಆರಿಸಿಕೊಂಡೆ. ಕೊಳ್ಳೋ ಮುಂಚೆಯೇ ಡ್ರೈವರ್ (ಅಡಾಪ್ಟರನ್ನು ನಡೆಸೋ ಸಾಫ್ಟ್‌ವೇರ್) ಸಿಗುತ್ತಾ ನೋಡಿದೆ. 64 ಬಿಟ್ ವಿಂಡೋಸ್ 32 ಬಿಟ್ ಡ್ರೈವರನ್ನು ಹತ್ತಿರವೂ ಸೇರಿಸಲ್ಲ, ಆಗ ಒಳ್ಳೇ ಅಡಾಪ್ಟರೂ ಸುಮ್ನೆ ಪ್ಲಾಸ್ಟಿಕ್ ಡಬ್ಬಿ.

ಎಲ್ಲ ಜೋಡಿಸಿ, ಮೀಟರ್ ಹಿಂದಿನ ಪುಟ್ಟ ಸ್ವಿಚ್‌ಗಳಿಂದ ಅಡ್ರೆಸ್ (ಬಸ್ಸಿನಲ್ಲಿ ಮೀಟರಿನ ನಂಬರ್) ಓದಿಕೊಂಡು, ‘ನೀನು ಯಾರು’ ಅಂತ ಕೇಳುವ ‘ಸ್ಟಾರ್ ಐಡಿಎನ್’ ಕಮಾಂಡ್ ಕಳಿಸಿದೆ. ಉತ್ತರ ಇಲ್ಲ. ಕೇಬಲ್ ಬದಲಿಸಿದೆ. ಡ್ರೈವರ್ ಮತ್ತೆ ಹಾಕಿದೆ. ಅಡಾಪ್ಟರ್ ನಕಲಿ ಇರಬೇಕು ಅಂತ ಬೈದೂ ಬೈದೆ. ಅರ್ಧ ದಿನ ಹೋಯಿತು.

ಚಹಾ ಕುಡಿದು ಬಂದ ಸಹೋದ್ಯೋಗಿ ಕೇಳಿದರು, ‘ರಿಮೋಟ್ ದೀಪ ಹತ್ತಿದೆ ಅಲ್ವಾ, ಇನ್ನೇನು ತೊಂದರೆ?’

ಹೌದು, ಮೀಟರಿನ ಆ ದೀಪ ಹತ್ತಿತ್ತು. ಕಂಪ್ಯೂಟರ್ ಕೂಗಿದ್ದು ಮೀಟರಿಗೆ ತಲುಪಿದೆ ಅಂತ ತಾನೇ ಅದರ ಅರ್ಥ? ಅಡಾಪ್ಟರ್, ಕೇಬಲ್, ಅಡ್ರೆಸ್ ಎಲ್ಲ ಸರಿ ಇದ್ದವು. ಸರಿ ಇಲ್ಲದ್ದು ನನ್ನ ಪ್ರಶ್ನೆ. ‘ಸ್ಟಾರ್ ಐಡಿಎನ್’ ಬಂದಿದ್ದು 1987ರ ಐಇಇಇ 488.2 ಸ್ಟ್ಯಾಂಡರ್ಡ್ ಜೊತೆ. ನಮ್ಮ ಮೀಟರ್ ಅದಕ್ಕಿಂತ ಹಳೇದು. ಅದರ ಕಾಲದಲ್ಲಿ ಒಂದೊಂದು ಕಂಪನಿಯದೂ ಒಂದೊಂದು ಭಾಷೆ.

ಮ್ಯಾನ್ಯುಯಲ್ ತೆಗೆದು ಅದರಲ್ಲಿದ್ದ ಎರಡಕ್ಷರದ ಕಮಾಂಡ್ ಕಳಿಸಿದೆ. ತಕ್ಷಣ ರೀಡಿಂಗ್ ಬಂತು. ಆ ಪಿಸಿಐ ಕಾರ್ಡ್ ಇನ್ನೂ ನನ್ನ ಡ್ರಾಯರಿನಲ್ಲೇ ಇದೆ, ಯಾರಿಗಾದರೂ ಬೇಕಿದ್ದರೆ ಹೇಳಿ.