ಮೇಲೇ ತಯಾರಾದ ಸ್ಪ್ಯಾನರ್

ನಿನ್ನೆ ಸಂಜೆ ಕೆಲಸ ಮುಗಿಸಿ ಇಸ್ರೋ ಕೇಂದ್ರ ಇರುವ ಸಾಲಗಾಮೆ ರೋಡಿನಲ್ಲಿ ಸುಮ್ನೆ ಗಾಡಿ ನಿಲ್ಲಿಸಿದೆ. ಕೈಯಲ್ಲಿ ಇನ್ನೂ ಲೇತಿನ ಎಣ್ಣೆ ವಾಸನೆ. ಸುಮಾರು 36,000 ಕಿಲೋಮೀಟರ್ ಮೇಲಿರುವ ಇಸ್ರೋ ಉಪಗ್ರಹಗಳನ್ನು ನಮ್ಮ ಹಾಸನದಿಂದಲೇ ನೋಡಿಕೊಳ್ಳುತ್ತಾರೆ ಅಂದರೆ ಈಗಲೂ ಮೈ ಜುಂ ಅನ್ನುತ್ತದೆ.

2014ರ ಡಿಸೆಂಬರಿನಲ್ಲಿ ಭೂಮಿಯಿಂದ ಬರೀ ಡಿಸೈನ್ ಫೈಲ್ ಕಳಿಸಿ, ಬಾಹ್ಯಾಕಾಶ ನಿಲ್ದಾಣದಲ್ಲೇ 3ಡಿ ಪ್ರಿಂಟರಿನಲ್ಲಿ ಒಂದು ಪ್ಲಾಸ್ಟಿಕ್ ಸ್ಪ್ಯಾನರ್ ಪ್ರಿಂಟ್ ಮಾಡಿದ್ದರು. ಒಂದು ಬೋಲ್ಟ್ ಬರಲಿಲ್ಲ ಅಂತ ನಮ್ಮ ಶೆಡ್ಡಿನಲ್ಲಿ ಎರಡು ದಿನ ಮೆಷಿನ್ ನಿಂತಿತ್ತು. ಅದಕ್ಕೇ ಆ ಸ್ಪ್ಯಾನರ್ ನನಗೆ ತುಂಬಾ ದೊಡ್ಡ ವಿಷಯ. ಚಂದ್ರನ ಮಣ್ಣಿನಲ್ಲೂ ಕಬ್ಬಿಣ, ಅಲ್ಯೂಮಿನಿಯಂ ಇದೆ. ಮುಂದೆ ಅಲ್ಲೇ ಕಾರ್ಖಾನೆ ಎದ್ದರೂ ಅಳತೆ ನೋಡುವ ಕಣ್ಣು ಬೇಕಲ್ವಾ?

ಇವತ್ತು ಶೆಡ್ಡಿನ ಐಟಿಐ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅಳತೆ ನೋಡುವ ವರ್ನಿಯರ್ ಕೆಳಗಿಟ್ಟು ಕೇಳಿದ, ‘ಅಣ್ಣಾ, ಆ ನಿಲ್ದಾಣದಂಥ ತೂಕವೇ ಇಲ್ಲದ ಜಾಗದಲ್ಲಿ ಮೆಷಿನ್ ತಂಪು ಮಾಡೋ ಕೂಲಂಟ್ ಕೆಳಗೆ ಹೆಂಗೆ ಸುರಿಯುತ್ತೆ?’