ಪೋರ್ಷನ್ ಮುಗಿಸೋದು ಬಿಟ್ಟು ಹುಡುಗರ ಪ್ರಶ್ನೆಗೆಲ್ಲಾ ಯಾಕೆ ಟೈಮ್ ಕೊಡ್ತೀರಾ ಮೇಡಂ?

ಡಿಗ್ರಿ ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡೋ ನನ್ನನ್ನ ಸ್ಟಾಫ್ ರೂಮಲ್ಲಿ, ಪೇರೆಂಟ್ಸ್ ಮೀಟಿಂಗಲ್ಲಿ ಎಲ್ಲರೂ ಇದನ್ನೇ ಕೇಳ್ತಾರೆ. ಪರೀಕ್ಷೆ ಹತ್ರ ಬಂದಾಗ ಹುಡುಗರೂ ಕೇಳ್ತಾರೆ.

ಬಿಎಸ್ಸಿ ಲ್ಯಾಬಲ್ಲಿ ಗ್ರೇಟಿಂಗ್ ಎಕ್ಸ್‌ಪೆರಿಮೆಂಟ್ ಅಂತ ಒಂದಿದೆ, ಬೆಳಕು ತಿರುಗೋ ಕೋನ ಅಳೆಯೋ ಸ್ಪೆಕ್ಟ್ರೋಮೀಟರ್ ಮೇಲೆ ಗ್ರೇಟಿಂಗ್ (ಒತ್ತೊತ್ತಾಗಿ ಗೆರೆ ಇರೋ, ಬೆಳಕನ್ನ ಬಣ್ಣಗಳಾಗಿ ಬಿಡಿಸೋ ಪಟ್ಟಿ) ಇಟ್ಟು, ಸೋಡಿಯಂ ಲ್ಯಾಂಪಿನ ಹಳದಿ ಗೆರೆಗೆ ಟೆಲಿಸ್ಕೋಪಿನೊಳಗಿನ ಗುರುತಿನ ಎಳೆ, ಅಂದ್ರೆ ಕ್ರಾಸ್‌ವೈರ್ ಹೊಂದಿಸಿ, ವರ್ನಿಯರ್ ರೀಡಿಂಗ್ ತಗೊಂಡು ಆ ಬೆಳಕಿನ ವೇವ್‌ಲೆಂತ್ (ತರಂಗದ ಉದ್ದ) ಲೆಕ್ಕ ಹಾಕಬೇಕು, 5893 ಆಂಗ್‌ಸ್ಟ್ರಾಮ್ (ತೀರಾ ಸಣ್ಣ ಉದ್ದದ ಅಳತೆ) ಹತ್ರ ಬಂದ್ರೆ ರೆಕಾರ್ಡಿಗೆ ಸಹಿ ಬೀಳುತ್ತೆ. ಆದ್ರೆ ಬೆಳಕು ಒಳಗೆ ಬರೋ ಸ್ಲಿಟ್ಟನ್ನ ಚೆನ್ನಾಗಿ ಸಣ್ಣ ಮಾಡಿ ಸೆಕೆಂಡ್ ಆರ್ಡರಲ್ಲಿ, ಅಂದ್ರೆ ಗ್ರೇಟಿಂಗ್ ಇನ್ನೂ ಅಗಲವಾಗಿ ಹರಡೋ ಎರಡನೇ ಬಣ್ಣಪಟ್ಟಿಯಲ್ಲಿ, ನೋಡಿದ್ರೆ ಆ ಒಂದು ಗೆರೆ ಎರಡಾಗಿ ಕಾಣುತ್ತೆ. "ಮೇಡಂ, ಇಲ್ಲಿ ಎರಡಿದೆ, ಯಾವುದಕ್ಕೆ ಇಡ್ಲಿ?" ಅಂತ ಯಾರಾದ್ರೂ ಒಬ್ಬರು ಕೇಳೇ ಕೇಳ್ತಾರೆ. ಮಧ್ಯಕ್ಕೆ ಇಡಮ್ಮ, ಟೈಮಾಯ್ತು ಅಂದ್ರೆ ಅಲ್ಲಿಗೆ ಮುಗೀತು.

ಹಾಗೆ ಕೇಳಿದ ಹುಡುಗಿ ಕಂಡಿದ್ದು 5890 ಮತ್ತು 5896 ಆಂಗ್‌ಸ್ಟ್ರಾಮಿನ ಎರಡು ಗೆರೆ, ಮ್ಯಾನ್ಯುಯಲ್‌ನಲ್ಲಿರೋದು ಅವೆರಡರ ಸರಾಸರಿ. ಯಾಕೆ ಎರಡು ಅನ್ನೋದಕ್ಕೆ ಉತ್ತರ ಎಲೆಕ್ಟ್ರಾನಿನ ಸ್ಪಿನ್ (ಅದರ ಒಳಗೇ ಇರೋ, ತಿರುಗುವಿಕೆಯಂಥ ಒಂದು ಗುಣ), 1925ರಲ್ಲಿ ಅದನ್ನ ಮುಂದಿಟ್ಟ ಉಲೆನ್‌ಬೆಕ್, ಗೌಡ್‌ಸ್ಮಿಟ್ ಇಬ್ಬರೂ ಆಗ ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲಿ ಸ್ಟೂಡೆಂಟ್ಸೇ. ಇದೇನೂ ಸಿಲಬಸ್ ಹೊರಗಿನ ವಿಷಯ ಅಲ್ಲ ನೋಡಿ, ಮುಂದೆ ಅಟಾಮಿಕ್ ಫಿಸಿಕ್ಸಲ್ಲಿ ಬಂದೇ ಬರುತ್ತೆ. ನನ್ನ ಅನುಭವದಲ್ಲಿ ಹುಡುಗರ ಒಳ್ಳೆ ಪ್ರಶ್ನೆಗಳು ಹೆಚ್ಚಿನವು ಹೀಗೇ, ತಮ್ಮ ಸೆಮಿಸ್ಟರಿಗಿಂತ ಮೊದಲೇ ಬಂದುಬಿಡ್ತವೆ. ಅಧ್ಯಾಯ ಬರೋವರೆಗೂ ಕಾಯಿ ಅಂದ್ರೆ ಆಮೇಲೆ ಡೆರಿವೇಶನ್ ಬಾಯಿಪಾಠ ಆಗಿರುತ್ತೆ, ಕೇಳಬೇಕು ಅನ್ನೋ ಆಸೆ ಮಾತ್ರ ಉಳಿದಿರಲ್ಲ.

ಸಿ.ವಿ. ರಾಮನ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಲ್ಲಿ ಓದ್ತಿದ್ದಾಗ ಮಾಡ್ತಿದ್ದಿದ್ದೂ ಇದೇ ತರದ ಮಾಮೂಲಿ ಲ್ಯಾಬ್ ಕೆಲಸ, ಸ್ಪೆಕ್ಟ್ರೋಮೀಟರಲ್ಲಿ ಪ್ರಿಸಮ್ಮಿನ ಕೋನ ಅಳೆಯೋದು. ಆಗ ಕಂಡ ಬೆಳಕಿನ ಪಟ್ಟಿಗಳು ಎರಡೂ ಕಡೆ ಒಂದೇ ತರ ಇರಲಿಲ್ಲ, ಅದರ ಬೆನ್ನು ಹತ್ತಿ ಬರೆದ ಪೇಪರ್ 1906ರಲ್ಲಿ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜಿನ್‌ನಲ್ಲಿ ಬಂತು, ಎಂಎ ಇನ್ನೂ ಮುಗಿದಿರಲಿಲ್ಲ. ಅಲ್ಲಿನ ಫಿಸಿಕ್ಸ್ ಪ್ರೊಫೆಸರ್ ಜೋನ್ಸ್ ಆ ಹುಡುಗನನ್ನ ಅವನ ಪಾಡಿಗೆ ಬಿಟ್ಟಿದ್ರು, ಅದು ನನಗೆ ತುಂಬಾ ದೊಡ್ಡ ವಿಷಯ ಅನ್ಸುತ್ತೆ.

ಇನ್ನು ಪೋರ್ಷನ್ ವಿಷಯ. ಟೆಕ್ಸ್ಟ್ ಬುಕ್ಕಲ್ಲಿ ಸಾಲು ಸಾಲಾಗಿ ಇರೋ ಡೆರಿವೇಶನ್ನನ್ನ ನಾನು ಬೋರ್ಡ್ ಮೇಲೆ ಮತ್ತೆ ಬರೆಯಲ್ಲ, ನೋಟ್ಸ್ ಡಿಕ್ಟೇಟ್ ಮಾಡಲ್ಲ, ಎಲ್ಲಿ ಎಡವುತ್ತಾರೋ ಆ ಸ್ಟೆಪ್ ಮಾತ್ರ ಬಿಡಿಸಿ ಹೇಳ್ತೀನಿ. ಪ್ರಶ್ನೆಗಳಿಗೆ ಟೈಮ್ ಅಲ್ಲಿಂದ ಸಿಗುತ್ತೆ, ಪೋರ್ಷನ್ನೂ ಮುಗಿಯುತ್ತೆ.

ನನಗೆ ನಿಜವಾಗ್ಲೂ ಬೇಜಾರಾಗೋದು ಮಾರ್ಕ್ಸ್ ಹಂಚಿಕೆ ನೋಡಿದಾಗ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಫಾರ್ಮುಲಾಗೆ, ಟೇಬಲ್ಲಿಗೆ, ಲೆಕ್ಕಕ್ಕೆ, ವೈವಾಗೆ ಎಲ್ಲಾ ಮಾರ್ಕ್ಸ್ ಇದೆ, ತಾನೇ ಏನೋ ಹೊಸದು ಗಮನಿಸಿ ಬರೆದವಳಿಗೆ ಒಂದೂ ಇಲ್ಲ. ಅದಕ್ಕೆ ಐದೇ ಮಾರ್ಕ್ಸ್ ಇಡಿ ಅಂತ ಹೇಳ್ತಾನೇ ಬಂದಿದೀನಿ. ಒಬ್ಬೊಬ್ಬ ಎಕ್ಸಾಮಿನರ್ ಒಂದೊಂದು ತರ ಕೊಡ್ತಾರೆ ಅಂತಾರೆ. ವೈವಾ ಮಾರ್ಕ್ಸನ್ನ ಈಗಲೂ ಎಕ್ಸಾಮಿನರ್ ವಿವೇಚನೆಗೇ ಬಿಟ್ಟಿದೀವಲ್ಲ, ಇದಕ್ಕೂ ಅಷ್ಟು ನಂಬಬಹುದು.